ಫರ್ಹಾ ಖಾಲಾರ ತಿರುಗಾಟ

ಫರ್ಹಾ ಖಾಲಾ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಅಲ್ಲಿರುವ ಗಂಡಸರನ್ನು ಎಣಿಸುತ್ತಿದ್ದರು. ಬ್ಯಾಂಕಿನಲ್ಲಿ, ಡಾಕ್ಟರರ ಕ್ಲಿನಿಕ್ಕಿನಲ್ಲಿ, ಮದುವೆಯ ಊಟದಲ್ಲಿ, ಒಮ್ಮೆ ನಮ್ಮ ಮಗಳ ಹುಟ್ಟುಹಬ್ಬದ ದಿನ ನಮ್ಮದೇ ಹಾಲಿನಲ್ಲಿ. ಎಂಬತ್ತರ ಹತ್ತಿರದ ಹೆಂಗಸು ಕನ್ನಡಕದ ಮೇಲಿನಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ತುಟಿ ಅಲ್ಲಾಡಿಸುವುದನ್ನು ಕಂಡು ನಮ್ಮವರು ನನ್ನ ಕಿವಿಯ ಹತ್ತಿರ ಬಂದು, "ಎಂತ ಮಾರಾಯ್ತಿ, ನಿನ್ನ ಖಾಲಾ ನಮಗೆಲ್ಲ ಮಂತ್ರ ಹಾಕ್ತಾರಾ ಹೇಗೆ?" ಎಂದಿದ್ದರು.

ಒಂದು ರೀತಿಯಲ್ಲಿ ಮಂತ್ರವೇ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು, ದೃಷ್ಟಿಯಾಗುತ್ತದೆ ಎನ್ನುವುದು ಅವರ ಜನರ ನಂಬಿಕೆ. ಅದಕ್ಕಾಗಿಯೇ ಅವರಲ್ಲಿ ಹತ್ತು ಪದಗಳ ಒಂದು ಹಳೆಯ ಪ್ರಾರ್ಥನೆಯ ಸಾಲು ಇದೆ. ತಲೆಗೊಂದು ಪದ. ಸಾಲು ಪೂರ್ತಿಯಾದರೆ ಹತ್ತು ಜನ ಸೇರಿದ್ದಾರೆ ಎಂದರ್ಥ. ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ಮಂಗಳೂರಿನಲ್ಲಿ ನನ್ನ ಅಜ್ಜಿಯೂ ಕೋಳಿಮರಿಗಳನ್ನು ಬೆರಳು ತೋರಿಸಿ ಎಣಿಸಲು ಬಿಡುತ್ತಿರಲಿಲ್ಲ. "ಎಣಿಸಿದ್ರೆ ಗಿಡುಗ ಕೇಳಿಸಿಕೊಳ್ತದೆ" ಎನ್ನುತ್ತಿದ್ದಳು.

ಖಾಲಾ ಎಂದರೆ ಅರಬ್ಬಿಯಲ್ಲಿ ಚಿಕ್ಕಮ್ಮ, ನಾನು ಕರೆಯುತ್ತಿದ್ದದ್ದು ಹಾಗೆ. ಫರ್ಹಾ ಖಾಲಾ ಬಹರೈನಿನ ಯಹೂದಿ. ಅವರ ಹಿರಿಯರು ವ್ಯಾಪಾರಕ್ಕೆಂದು ಬಾಗ್ದಾದಿನಿಂದ ಬಂದು ಮನಾಮದಲ್ಲಿ ನೆಲೆ ನಿಂತವರು. ಕಾಲಾಂತರದಲ್ಲಿ ಹೆಚ್ಚಿನವರು ಬೇರೆ ಬೇರೆ ದೇಶಗಳಿಗೆ ಹೋಗಿ, ನಾವು ಅಲ್ಲಿಗೆ ಬರುವ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯ ಮನೆಗಳು. ಅವರ ಧರ್ಮದಲ್ಲಿ ಕೆಲವು ಪ್ರಾರ್ಥನೆಗಳನ್ನು ಹೇಳಬೇಕಾದರೆ ಹತ್ತು ಗಂಡಸರು ಒಟ್ಟಿಗೆ ನಿಂತಿರಬೇಕು. ಒಂಬತ್ತಾದರೂ ಆಗುವುದಿಲ್ಲ. ಮನಾಮದಲ್ಲಿ, ಹಬ್ಬದ ದಿನವೂ, ಖಾಲಾ ಅವರ ಸಾಲು ಏಳನೆಯ ಪದಕ್ಕೆ ಬಂದು ನಿಲ್ಲುತ್ತಿತ್ತು.

ಆಗ ನಾವು ಹಳೆಯ ಸೂಕಿನ, ಅಂದರೆ ಪೇಟೆಯ, ಹಿಂದಿನ ಗಲ್ಲಿಯಲ್ಲಿದ್ದೆವು. ಆಮೇಲೆ ಕೆಡವಿಹಾಕಿದ ಮುತ್ತಿನ ರೌಂಡಬೌಟ್ ಇನ್ನೂ ನಿಂತಿದ್ದ ಕಾಲ. ಕೆಳಗಿನ ಮಹಡಿಯಲ್ಲಿ ಖಾಲಾ ಮತ್ತು ಅವರ ಅಣ್ಣ ನಯೀಮ್, ಇಬ್ಬರೂ ಮದುವೆಯಾಗದವರು. ಮೇಲೆ ನಾವು. ನಮ್ಮವರಿಗೆ ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಕೆಲಸ. ಬೆಳಗ್ಗೆ ಅವರು ಹೋಗಿ, ಮಗಳ ಸ್ಕೂಲ್ ಬಸ್ಸೂ ಹೋದ ಮೇಲೆ ಕಟ್ಟಡದೊಳಗೆ ಒಂದು ಮೌನ ಇಳಿಯುತ್ತಿತ್ತು. ಬೇಸಿಗೆಯ ಬೆಳಗಿನಲ್ಲಿ ಅಲ್ಲಿ ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತದೆ. ಬೀದಿ, ಮಿನಾರು, ಎದುರು ಮನೆಯವರು ಹರವಿದ ಬಟ್ಟೆ, ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಆ ಮಬ್ಬಿನೊಳಗಿನಿಂದ ಏಲಕ್ಕಿ ಹಾಕಿ ಕುದಿಸಿದ ಚಹಾದ ಪರಿಮಳ ಮೆಟ್ಟಿಲೇರಿ ಬರುತ್ತಿತ್ತು. ಅದೇ ನನಗೆ ಕರೆ. ಅವರು ಎಂದೂ ಬಾಯಿಬಿಟ್ಟು ಕರೆದವರಲ್ಲ.

ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೂ ನನಗೆ ನೆನಪಿಲ್ಲ. ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ಸಂಜೆಯವರೆಗೆ ಅವರ ಧರ್ಮದಲ್ಲಿ ಕೆಲಸ ಮಾಡಬಾರದ ಹೊತ್ತು, ಅವರು ಸ್ವಿಚ್ ಮುಟ್ಟುವಂತಿಲ್ಲ. ನನಗೆ 'ಹಾಕು' ಎಂದು ಹೇಳುವಂತೆಯೂ ಇಲ್ಲ. ಸೂಚನೆ ಕೊಡಬಹುದು, ಅಷ್ಟೇ. "ಯಾ ಬಿಂತಿ, ಈ ಮನೆ ಇವತ್ತು ಎಷ್ಟು ಕತ್ತಲೆ!" ಎಂದು ಗೋಡೆಗೆ ಹೇಳುತ್ತಿದ್ದರು. ಬಿಂತಿ ಎಂದರೆ ಮಗಳೇ ಎಂದು. ನಾನು ದೀಪ ಹಾಕುತ್ತಿದ್ದೆ. "ದೇವರು ಸೆಕೆಯನ್ನು ಯಾಕೆ ಮಾಡಿದನೋ, ಅವನನ್ನೇ ಕೇಳಬೇಕು." ನಾನು ಏಸಿ ಹಾಕುತ್ತಿದ್ದೆ. ಒಂದು ಶನಿವಾರ ಬೇಕೆಂತಲೇ ಸುಮ್ಮನೆ ಕೂತು, "ಹೌದು ಖಾಲಾ, ಭಾರೀ ಸೆಕೆ" ಎಂದು ನಾನೂ ಸೆರಗಿನಿಂದ ಗಾಳಿ ಹಾಕಿಕೊಂಡೆ. ಅವರು ಬಹಳ ಹೊತ್ತು ಚಾವಣಿ ನೋಡಿದರು. "ಕಾನ್ವೆಂಟಿನಲ್ಲಿ ಹುಡುಗಿಯರನ್ನು ಬುದ್ಧಿವಂತರನ್ನಾಗಿ ಮಾಡ್ತಾರೆ ಅಂತ ಕೇಳಿದ್ದೆ" ಎಂದರು ಕೊನೆಗೆ, ಚಾವಣಿಗೇ.

ಶನಿವಾರದ ಆ ಅಭ್ಯಾಸ ವಾರದ ಉಳಿದ ದಿನಗಳಿಗೂ ಹರಡಿಕೊಂಡಿತ್ತು. ಜ್ವರ ಬಂದರೆ "ಔಷಧಿ ತರ್ತೀಯಾ" ಅನ್ನುವುದಿಲ್ಲ. "ಫಾರ್ಮಸಿ ಇವತ್ತು ತೆರೆದಿದೆಯೋ ಏನೋ" ಅನ್ನುವುದು. ಕೇಳಿದರೆ ಎದುರಿನವರು ಇಲ್ಲ ಎನ್ನಬೇಕಾಗಿ ಬರಬಹುದು, ಅವರನ್ನು ಆ ಕಷ್ಟಕ್ಕೆ ಯಾಕೆ ಹಾಕಬೇಕು ಎಂಬುದು ಅವರ ವಾದ. ನನಗೆ ಕಂಡಂತೆ ಅದರಲ್ಲಿ ಸೌಜನ್ಯ ಅರ್ಧ, ಹಟ ಅರ್ಧ.

ಹುಡುಗಿಯಾಗಿದ್ದಾಗ ಅವರು ಕೆಲವು ವರ್ಷ ಬೊಂಬಾಯಿಯ ಚಿಕ್ಕಮ್ಮನ ಮನೆಯಲ್ಲಿ ಶಾಲೆಗೆ ಹೋದವರು. ಹಾಗಾಗಿ ನಮ್ಮ ಮಾತು ಬೊಂಬಾಯಿ ಹಿಂದಿ, ಇಂಗ್ಲಿಷ್, ನಡುನಡುವೆ ಅರಬ್ಬಿ. ಇಲ್ಲಿ ನಾನು ಬರೆಯುತ್ತಿರುವುದೆಲ್ಲ ಆ ಕಿಚಡಿಯಿಂದ ಸೋಸಿ ತೆಗೆದದ್ದು. ಹುರುಪೆ ಇಲ್ಲದ ಮೀನನ್ನು, ಸಿಗಡಿಯನ್ನು ಅವರು ತಿನ್ನುವಂತಿಲ್ಲ. ನಾನು ಸಿಗಡಿ ಹುರಿಯುವ ದಿನ ಮೆಟ್ಟಿಲ ಬುಡದಿಂದ ಕೂಗು ಕೇಳುತ್ತಿತ್ತು: "ಅರೆ ಬಿಂತಿ, ಆ ಬಾಗಿಲು ಗಾಳಿಗೆ ತೆರೆದುಕೊಂಡಿದೆ ಅಂತ ಕಾಣ್ತದೆ! ನಾಲ್ಕು ಸಾವಿರ ವರ್ಷದ ಧರ್ಮ ನಿನ್ನ ಬಾಣಲೆಯ ಹತ್ತಿರ ಬರ್ತಾ ಇದೆ!"

ನಯೀಮ್ ಮಾಮಾನಿಗೆ ಸೂಕಿನಲ್ಲಿ ಗುಂಡಿ, ಲೇಸು, ನೂಲಿನ ಸಣ್ಣ ಅಂಗಡಿ. ರವಿಕೆಯ ಹುಕ್ಕಿಗೆಂದು ಹೋದವರ ಕೈಗೆ ಒಂದು ಗುಂಡಿ ಹೆಚ್ಚಿಗೆ ಹಾಕಿ, "ಒಂದು ಕಳೆದುಹೋಗ್ತದೆ, ಇಟ್ಟುಕೊ" ಎನ್ನುತ್ತಿದ್ದರು. ಅವರಿಗೊಂದು ದೊಡ್ಡ ತೊಂದರೆಯಿತ್ತು. ಒಂದು ಕತ್ತೆ, ಒಬ್ಬ ಕಾಜಿ ಮತ್ತು ಒಂದು ಚೀಲ ಅಕ್ಕಿಯ ಬಗ್ಗೆ ಅವರ ಬಳಿ ಒಂದು ನಗೆಕತೆ ಇತ್ತು. ಹೇಳಲು ಶುರುಮಾಡುತ್ತಿದ್ದರು, ಕತ್ತೆ ಕಾಜಿಯ ಬಾಗಿಲಿಗೆ ಬರುವಷ್ಟರಲ್ಲಿ ಅವರಿಗೇ ನಗು ಬಂದುಬಿಡುತ್ತಿತ್ತು. ಕಣ್ಣಲ್ಲಿ ನೀರು, ಮೇಜಿಗೆ ಗುದ್ದು, ಉಸಿರಿಗೆ ಒದ್ದಾಟ. ಕೇಳುವವರಿಗೆ ಆ ನಗುವಿಗೇ ನಗು. ಕತೆ ಅಲ್ಲಿಗೇ ಮುಗಿಯಿತು. ಅದರ ಕೊನೆಯನ್ನು ಸೂಕಿನಲ್ಲಿ ಯಾರೂ ಕೇಳಿಲ್ಲ, ಖಾಲಾ ಕೂಡ ಕೇಳಿಲ್ಲ.

ಒಂದು ಜನವರಿಯಲ್ಲಿ ನಯೀಮ್ ಮಾಮಾ ಸಲ್ಮಾನಿಯಾದ ಆಸ್ಪತ್ರೆ ಸೇರಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಣ್ಣಿಗೆ ನಮ್ಮವರೂ ಹೋಗಿದ್ದರು. ಸೂಕಿಗೆ ಸೂಕೇ ಅಂಗಡಿ ಬಾಗಿಲು ಹಾಕಿ ಬಂದಿತ್ತಂತೆ. ಮಸಾಲೆ ಅಂಗಡಿಯವರು, ದರ್ಜಿಗಳು, ಕೈಗಾಡಿಯವರು, ಎಲ್ಲರೂ ಅವರವರ ಪ್ರಾರ್ಥನೆ ಹೇಳಿ, ಹಿಡಿ ಮಣ್ಣು ಹಾಕಿದರು. ಗೇಟಿನ ಹೊರಗೂ ಜನ. ಆದರೆ ಸತ್ತವರಿಗಾಗಿ ಹೇಳುವ ಕದ್ದಿಶ್ ಎಂಬ ಪ್ರಾರ್ಥನೆಗೆ ಅವರದೇ ಜನರ ಹತ್ತು ಗಂಡಸರು ಬೇಕು. ನಯೀಮ್ ಮಾಮಾ ಹೋದ ಮೇಲೆ ಉಳಿದದ್ದು ಆರು. ಕದ್ದಿಶ್ ಹೇಳಲಿಲ್ಲ.

"ಆರು ಜನರೇ ಹೇಳಿದ್ರೆ ಏನಾಗ್ತದೆ ಖಾಲಾ? ನಮ್ಮ ಕ್ರೈಸ್ತರಲ್ಲಿ ಒಬ್ಬಳೇ ಕೂತು ಜಪಸರ ಹೇಳಿದ್ರೂ ದೇವರಿಗೆ ಮುಟ್ಟುತ್ತದೆ" ಎಂದೆ ನಾನು, ಆ ವಾರ.

"ನಿಮ್ಮ ದೇವರಿಗೆ ತಾಯಿ ಇದ್ದಾಳೆ. ಅವಳು ಹೇಳಿ ಕೊಡಿಸ್ತಾಳೆ. ನಮ್ಮವನು ಹೆಡ್‌ಮಾಸ್ಟರು. ಹತ್ತು ಅಂದರೆ ಹತ್ತು." ಆಮೇಲೆ, "ನಯೀಮ್ ಬಾಗಿಲ ಹೊರಗೆ ನಿಂತಿದ್ದಾನೆ ಅನಿಸ್ತದೆ ಬಿಂತಿ. ಒಳಗೆ ಕರೆಯುವವರಿಲ್ಲ" ಎಂದರು.

ಲಂಡನ್ನಿನಂಥ ಊರಲ್ಲಿ ಅವರ ಪ್ರಾರ್ಥನಾಮಂದಿರಗಳಲ್ಲಿ ದಿನಾ ಹತ್ತು ಜನ ಸೇರುತ್ತಾರೆ. ಒಂದು ಫೋನ್ ಮಾಡಿದರೆ ಆ ಹೆಸರಿಗೆ ಪ್ರಾರ್ಥನೆ ಹೇಳಿಬಿಡುತ್ತಾರೆ. ಲಂಡನ್ನಿನಲ್ಲಿದ್ದ ಅವರ ಸೋದರಸಂಬಂಧಿಯ ಮಗಳು ಹಾಗೆಂದಳು ಕೂಡ. ಖಾಲಾ ಒಪ್ಪಲಿಲ್ಲ. "ಅವರಿಗೆ ನಯೀಮ್ ಅಂದರೆ ಚೀಟಿಯ ಮೇಲಿನ ಹೆಸರು. ನನಗೆ ಅವನು ಹೇಗೆ ನಗ್ತಿದ್ದ ಅಂತ ಗೊತ್ತಿರುವ ಹತ್ತು ಜನ ಬೇಕು. ಅಪರಿಚಿತನನ್ನು ಯಾರು ಮನಸ್ಸಿಟ್ಟು ಒಳಗೆ ಕರೀತಾರೆ?" ಇದು ಅವರ ಧರ್ಮದಲ್ಲಿ ಬರೆದ ನಿಯಮ ಅಲ್ಲ. ಖಾಲಾ ತಾವೇ ಮಾಡಿಕೊಂಡದ್ದು. ಅದಕ್ಕೇ ಅದನ್ನು ಮುರಿಯುವುದು ಇನ್ನೂ ಕಷ್ಟವಾಗಿತ್ತು.

ಹತ್ತು ಜನಕ್ಕೆ ನಯೀಮ್ ಮಾಮಾನನ್ನು ಪರಿಚಯಿಸುವ ಪುಸ್ತಕ ಹುಟ್ಟಿದ್ದು ಹಾಗೆ. ಖಾಲಾ ಅಕ್ಕಿ ಆರಿಸುತ್ತಾ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು. ನನಗೆ ಸಿಸ್ಟರುಗಳು ಕಲಿಸಿದ ಇಂಗ್ಲಿಷ್. ಒಂದು ಪುಟ ಓದಿ ಹೇಳಿದರೆ ಅವರು ಮೂಗು ಮುರಿಯುತ್ತಿದ್ದರು. "ಇದು ತುಂಬ ಇಸ್ತ್ರಿ ಹಾಕಿದ ಹಾಗಿದೆ. ನಯೀಮನ ಅಂಗಿ ಯಾವತ್ತು ಹೀಗಿತ್ತು? ಸ್ವಲ್ಪ ಮುದುಡು." ನಾನು ಮುದುಡಲು ಕಲಿತೆ. ಆ ಬೆಳಗುಗಳು ಈಗ ನನಗೆ ಒಂದೇ ಒಂದು ಉದ್ದನೆಯ ಬೆಳಗಿನಂತೆ ನೆನಪಾಗುತ್ತವೆ. ತಟ್ಟೆಯಲ್ಲಿ ಅಕ್ಕಿ ಜರುಗುವ ಸದ್ದು, ಕಿಟಕಿಯಲ್ಲಿ ಕರಗುವ ಮಬ್ಬು, ಸೊಂಟ ಸಪೂರವಾದ ಗಾಜಿನ ಲೋಟದಲ್ಲಿ ಆರಿಹೋಗುವ ಚಹಾ. ನಯೀಮ್ ಮಾಮಾ ಪಕ್ಕದ ಕೋಣೆಯಲ್ಲಿ ಮಲಗಿದ್ದು, ಈಗ ಎದ್ದು ಬಂದು ಚಪ್ಪಲಿ ಹುಡುಕುತ್ತಾರೇನೋ ಎನ್ನುವ ಹಾಗೆ.

ಆ ಸೋದರಸಂಬಂಧಿಯ ಮಗಳಿಗೆ ಗೊತ್ತಿದ್ದ ಸಣ್ಣ ಪ್ರಕಾಶಕರು ಅದನ್ನು ನೀಲಿ ರಟ್ಟಿನ ತೆಳ್ಳಗಿನ ಪುಸ್ತಕವಾಗಿ ಅಚ್ಚು ಹಾಕಿದರು. ಮರು ವರ್ಷ ಇಂಗ್ಲೆಂಡಿನಿಂದ ಆಮಂತ್ರಣ ಬಂತು. ಅಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಯಹೂದಿ ಪುಸ್ತಕಗಳದ್ದೊಂದು ಹಬ್ಬ ನಡೆಯುತ್ತದಂತೆ. ಬರೆದವರನ್ನು ಊರಿಂದ ಊರಿಗೆ ಕಳಿಸುತ್ತಾರೆ. ಇವತ್ತು ಲಂಡನ್, ಮೂರು ದಿನ ಬಿಟ್ಟು ಲೀಡ್ಸ್, ಆಮೇಲೆ ಗ್ಲಾಸ್ಗೊ. ಪ್ರತಿ ಊರಲ್ಲೂ ಒಂದು ಹಾಲ್, ಒಂದು ಮೈಕು, ಓದು, ಪ್ರಶ್ನೆ, ಆಮೇಲೆ ಚಹಾ.

"ಹೋ, ಮೇಳ ಕಟ್ಟಿದ್ರಾ! ನಿನ್ನ ಖಾಲಾ ತಿರುಗಾಟ ಹೊರಟ್ರು ಅನ್ನು. ಚೌಕಿಯಲ್ಲಿ ಬಣ್ಣ ಹಚ್ಚಲಿಕ್ಕೆ ನೀನೂ ಹೋಗ್ತೀಯಾ?" ಎಂದರು ನಮ್ಮವರು. ಊರೂರು ತಿರುಗಿ ಆಟ ಆಡುವ ಯಕ್ಷಗಾನ ಮೇಳವನ್ನು ಖಾಲಾರಿಗೆ ವಿವರಿಸಲು ನನಗೆ ಅರ್ಧ ಬೆಳಗು ಹಿಡಿಯಿತು. ಎಲ್ಲ ಕೇಳಿ ಅವರು, "ನಿಮ್ಮ ಆಟಕ್ಕೆ ಗಂಡಸರು ಬರ್ತಾರಾ?" ಎಂದರು.

"ಬರ್ತಾರೆ, ತುಂಬ."

"ಹಾಗಾದರೆ ಇದಕ್ಕೂ ಬಂದಾರು" ಎಂದು ಪೆಟ್ಟಿಗೆ ಕೆಳಗಿಳಿಸಿದರು. ಬೊಂಬಾಯಿಯಿಂದ ಬಂದ ಮೇಲೆ ಬಹರೈನ್ ದಾಟದವರು, ಸಮುದ್ರದ ಮೇಲಿನ ಸೇತುವೆಯಲ್ಲಿ ಹೋಗಲೂ ಹೆದರುವವರು. ಒಂದು ಗಂಟೆ ನಯೀಮನ ಪರಿಚಯ ಮಾಡಿಸುವುದು, ಆಮೇಲೆ ಅದೇ ಕೋಣೆಯಲ್ಲಿ ಹತ್ತು ಜನ ಎದ್ದು ನಿಂತು ಕದ್ದಿಶ್ ಹೇಳುವುದು: ಇದೇ ಅವರ ಯೋಜನೆ. ಕರೆದವರಿಗೆ ಇದರ ಸುಳಿವೂ ಇರಲಿಲ್ಲ. ಅವರು ಲೇಖಕಿಯೊಬ್ಬರು ಬರುತ್ತಾರೆ ಎಂದುಕೊಂಡಿದ್ದರು.

ಸಭೆಯ ಮರುದಿನ, ಸಂಜೆಯ ಅಡಿಗೆಯ ಹೊತ್ತಿಗೆ ಖಾಲಾರ ಫೋನ್ ಬರುತ್ತಿತ್ತು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಮೀನು ಕೊಯ್ಯುತ್ತಾ ನಾನು ಎಂದೂ ನೋಡದ ಊರುಗಳನ್ನು ಕೇಳುತ್ತಿದ್ದೆ. ಇಂದಿಗೂ ಲಂಡನ್ ಎಂದರೆ ನನಗೆ ಕೊತ್ತಂಬರಿ ಹುರಿಯುವ ವಾಸನೆ.

"ಹಾಲ್ ತುಂಬಿತ್ತು ಬಿಂತಿ! ಕುರ್ಚಿ ಸಾಲದೆ ನಿಂತಿದ್ದರು!"

"ಮತ್ತೆ? ಆಯ್ತಾ?"

"ಎಲ್ಲ ಹೆಂಗಸರು."

"ಗಂಡಸರು ಇರಲೇ ಇಲ್ವಾ?"

"ಏಳನೇ ಪದಕ್ಕೆ ನಿಂತಿತು. ಅದರಲ್ಲೂ ಏಳನೆಯವನು ನಿದ್ದೆ ಮಾಡ್ತಿದ್ದ. ನಿದ್ದೆ ಮಾಡಿದವನಿಗೆ ನಯೀಮ್ ಗೊತ್ತಾಗ್ತಾನಾ? ಆರು ಅಂತಲೇ ಇಟ್ಟುಕೊ." ನಿಟ್ಟುಸಿರು ಕೇಳಿಸಿತು. "ಪುಸ್ತಕ ಓದುವುದು ಹೆಂಗಸರು, ಲೆಕ್ಕಕ್ಕೆ ಗಂಡಸರು. ಇದನ್ನು ನಮಗೆ ಯಾರೂ ಮೊದಲೇ ಹೇಳಲಿಲ್ಲವಲ್ಲ!"

ನಿಜಕ್ಕೂ ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ಲೀಡ್ಸಿನ ಸಭೆಗೆ ಮೊದಲು ಅವರು ಅಲ್ಲಿಯ ವ್ಯವಸ್ಥಾಪಕಿಗೆ ತಮ್ಮ ರೀತಿಯಲ್ಲಿ ಸೂಚನೆ ಕೊಟ್ಟರಂತೆ: "ನಿಮ್ಮ ಊರಿನ ಗಂಡಸರಿಗೆ ಸಂಜೆ ಹೊತ್ತು ಬಿಡುವಿರ್ತದಾ?" ಆ ಹುಡುಗಿ ಅವರ ಕೈ ಅದುಮಿ, "ಚಿಂತೆ ಮಾಡಬೇಡಿ, ಪುಸ್ತಕ ಕೊಳ್ಳುವವರು ಹೆಂಗಸರೇ" ಎಂದು ಸಮಾಧಾನ ಹೇಳಿದಳಂತೆ.

"ಬಾಯಿಬಿಟ್ಟು ಹೇಳಿಬಿಡಿ ಖಾಲಾ, ಇಷ್ಟು ಗಂಡಸರು ಬೇಕು ಅಂತ!" ನನಗೆ ಸಿಟ್ಟೇ ಬಂದಿತ್ತು.

"ಕೇಳಿ ತರಿಸಿದ ಜನ ಬಾಡಿಗೆಯ ಕುರ್ಚಿ ಇದ್ದ ಹಾಗೆ. ತಾವಾಗಿ ಬರಬೇಕು."

ಲೀಡ್ಸಿನಲ್ಲಿ ತಾವಾಗಿಯೇ ಬಂದರು. ಸಾಲು ಪೂರ್ತಿಯಾಗಿ ಮತ್ತೆ ಮೊದಲಿಂದ ಶುರುವಾಗುವಷ್ಟು ಗಂಡಸರು. ಆದರೆ ಖಾಲಾ ಪುಸ್ತಕ ತೆರೆಯುವ ಮೊದಲೇ ಪ್ರಶ್ನೆಗಳು ಎದ್ದವು. ಎಲ್ಲರೂ ಹೊರಟು ಹೋದಾಗ ನೀವು ಯಾಕೆ ಅಲ್ಲೇ ಉಳಿದಿರಿ? ಹೆದರಿಕೆ ಆಗುವುದಿಲ್ಲವೇ? ಅಲ್ಲಿಯವರು ಹೇಗೆ ನೋಡಿಕೊಳ್ಳುತ್ತಾರೆ? ಒಬ್ಬರಾದ ಮೇಲೆ ಒಬ್ಬರು.

"ನೀವೇನಂದಿರಿ?"

"ಒಲೆಯ ಮೇಲೆ ಅನ್ನ ಇತ್ತು, ಬಿಟ್ಟು ಬರಲಿಕ್ಕಾಗಲಿಲ್ಲ ಅಂದೆ. ಚಪ್ಪಾಳೆ ಹೊಡೆದರು. ಯಾಕೆ ಹೊಡೆದರೋ, ನಾನು ನಿಜ ಹೇಳಿದ್ದು." ಆ ಕಡೆ ಎಲ್ಲೋ ಬಸ್ಸು ಹೋದ ಸದ್ದು. "ಗಂಟೆ ಅದರಲ್ಲೇ ಮುಗಿಯಿತು. ನಯೀಮನ ಮಾತೇ ಬರಲಿಲ್ಲ. ಅಷ್ಟು ಗಂಡಸರು ಎದುರಿಗಿದ್ದರು ಬಿಂತಿ, ಒಬ್ಬನಿಗೂ ಅವನು ಗೊತ್ತಿಲ್ಲ. ಹಾಗೇ ಕಳಿಸಿಬಿಟ್ಟೆ."

ಆವತ್ತು ಮೊದಲ ಸಲ ಅವರ ದನಿ ಮುದುಕಿಯ ದನಿಯಂತೆ ಕೇಳಿಸಿತು. ಉಳಿದದ್ದು ಗ್ಲಾಸ್ಗೊ ಒಂದೇ. ಆ ಎರಡು ದಿನ ನಾನು ಅವರ ಮನೆಗೆ ಹೋಗಿ ಗಿಡಗಳಿಗೆ ನೀರು ಹಾಕಿ, ಸುಮ್ಮನೆ ಅವರ ಕುರ್ಚಿಯಲ್ಲಿ ಕೂತು ಬಂದೆ. ಹೊರಗೆ ಮರಳುಗಾಳಿ ಎದ್ದು ಇಡೀ ಗಲ್ಲಿ ಹಳದಿಯಾಗಿತ್ತು. ಇಗರ್ಜಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿದೆ. ಅವರ ಹೆಡ್‌ಮಾಸ್ಟರಿಗೂ ನಮ್ಮ ಮಾತೆಗೂ ಪರಿಚಯ ಇರಲೇಬೇಕು ಎಂಬ ಧೈರ್ಯದಲ್ಲಿ.

ಗ್ಲಾಸ್ಗೊದಿಂದ ಫೋನ್ ಬಂದಾಗ ನಾನು ಹಮೂರು ಮೀನಿನ ತುಂಡುಗಳಿಗೆ ಅರಸಿನ ಹಚ್ಚುತ್ತಿದ್ದೆ.

"ಬಿಂತಿ, ನಾನು ಕೇಳಿದೆ."

"ಏನು ಕೇಳಿದಿರಿ ಖಾಲಾ? ಜೋರಾಗಿ ಹೇಳಿ, ಎಕ್ಸಾಸ್ಟ್ ಫ್ಯಾನಿನ ಸದ್ದು."

"ಅವರನ್ನ! ಬಾಯಿಬಿಟ್ಟು! ಫ್ಯಾನ್ ಆರಿಸು, ಕೇಳು."

ಆರಿಸಿ ಅಡಿಗೆಮನೆಯ ನೆಲದ ಮೇಲೆಯೇ ಕೂತೆ. ಹಿಂದಿನ ದಿನ ಸಂಜೆ ಅಲ್ಲಿ ಮಳೆ ಬರುತ್ತಿತ್ತಂತೆ. ಸಣ್ಣ ಕೋಣೆ, ಒದ್ದೆ ಕೋಟುಗಳ ವಾಸನೆ. ಅಲ್ಲಿಯೂ ತುಂಬ ಹೆಂಗಸರೇ. ಗಂಡಸರು ನಾಲ್ಕು ಪದಕ್ಕೆ ನಿಂತರು. ಖಾಲಾರಿಗೆ ಇನ್ನು ಎಣಿಸುವ ಆಸೆ ಉಳಿದಿರಲಿಲ್ಲವಂತೆ. ಹಾಗಾಗಿಯೋ ಏನೋ, ಆವತ್ತು ಅವರು ಓದಿದ್ದು ಬಹಳ ಚೆನ್ನಾಗಿ ಬಂತು. ಕತ್ತೆ ಕಾಜಿಯ ಬಾಗಿಲಿಗೆ ಬರುವಲ್ಲಿ ಅವರಿಗೇ ಅಣ್ಣನ ಹಾಗೆ ನಗು ಉಕ್ಕಿ, ಓದಲಾರದೆ, ಇಡೀ ಕೋಣೆ ನಕ್ಕಿತು. ಒಬ್ಬಳು ಕಣ್ಣೊರೆಸಿಕೊಂಡು, "ಆ ಕತೆಯ ಕೊನೆ ಏನು?" ಎಂದಳು. "ಅದನ್ನು ಅವನು ತೆಗೆದುಕೊಂಡು ಹೋದ" ಎಂದರು ಖಾಲಾ.

"ಆಗ ನನಗೆ ಹೊಳೆಯಿತು ಬಿಂತಿ. ಇಲ್ಲಿ ನಾಲ್ಕು. ಮನಾಮದಲ್ಲಿ ಆರು. ಆ ಆರು ಜನಕ್ಕೆ ನಯೀಮ್ ತಾವು ಹುಟ್ಟಿದಂದಿನಿಂದ ಗೊತ್ತು, ಈ ನಾಲ್ಕು ಜನಕ್ಕೆ ಈಗ ತಾನೇ ಗೊತ್ತಾದ. ಎಲ್ಲರೂ ಒಂದೇ ಕೋಣೆಯಲ್ಲಿ ಇದ್ದರೆ ಆಯಿತು! ಮೊದಲು ಸೂಚನೆ ಕೊಟ್ಟೆ. ಜನವರಿಯಲ್ಲಿ ನಮ್ಮ ಊರು ಬಹಳ ಚೆನ್ನಾಗಿರ್ತದೆ ಅಂದೆ. ತಲೆ ಆಡಿಸಿದರು. ಮತ್ತೊಮ್ಮೆ ಅಂದೆ. ಮತ್ತೊಮ್ಮೆ ತಲೆ ಆಡಿಸಿದರು. ವಲ್ಲಾ, ದೇವರಾಣೆ, ಈ ಸ್ಕಾಟ್ಲೆಂಡಿನವರಿಗೆ ಸೂಚನೆ ಅನ್ನುವುದೇ ತಿಳಿಯುವುದಿಲ್ಲ!"

"ಆಮೇಲೆ?"

"ಮೇಜು ಹಿಡಿದು ಎದ್ದು ನಿಂತೆ. ನನ್ನ ಅಣ್ಣನಿಗೆ ಕದ್ದಿಶ್ ಆಗಿಲ್ಲ, ನಾಲ್ಕು ಜನ ಕಡಿಮೆ ಇದ್ದಾರೆ, ದಯವಿಟ್ಟು ಬನ್ನಿ, ಅಂದೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನು ಅಂದುಕೊಂಡೆ, ನೋಡು, ಇದಕ್ಕೇ ಯಾರನ್ನೂ ಏನನ್ನೂ ಕೇಳಬಾರದು."

ಹಿಂದಿನ ಸಾಲಿನಲ್ಲಿ ಕನ್ನಡಕದ ಅಂಗಡಿಯವನೊಬ್ಬ ತನ್ನ ಕನ್ನಡಕ ಒರೆಸುತ್ತಾ ಬಹಳ ಗಂಭೀರವಾಗಿ, "ಅಲ್ಲಿ ಜನವರಿಯಲ್ಲಿ ಕೋಟು ಬೇಕಾಗುತ್ತದೆಯೇ?" ಎಂದನಂತೆ. ಇನ್ನೊಬ್ಬ ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ, "ಇವರು ಬರ್ತಾರೆ" ಎಂದಳಂತೆ. ಉಳಿದಿಬ್ಬರು ಅಣ್ಣತಮ್ಮಂದಿರು, ಒಬ್ಬರ ಮುಖ ಒಬ್ಬರು ನೋಡಿ ಕೈ ಎತ್ತಿದರಂತೆ.

ನಾನು ನೆಲದ ಮೇಲೆ ಕೂತು ಅರಸಿನದ ಕೈಯಲ್ಲೇ ಅತ್ತೆ. ಮಗಳು ಬಂದು ಗಾಬರಿಯಿಂದ, "ಮಮ್ಮಾ, ವಾಟ್ ಹ್ಯಾಪನ್ಡ್?" ಎಂದಳು. ಏನೆಂದು ಹೇಳುವುದು!

ತಿರುಗಾಟ ಮುಗಿಸಿ ಬಂದ ಖಾಲಾ ಬೇರೆಯೇ ಆಗಿದ್ದರು. ಕೇಳುವುದರ ರುಚಿ ಹತ್ತಿತ್ತು ಅವರಿಗೆ. ಟ್ಯಾಕ್ಸಿಯವನಿಗೆ ರೇಡಿಯೋ ಕಡಿಮೆ ಮಾಡು ಎಂದರು. ನಮ್ಮವರಿಗೆ, "ನಿನ್ನ ಗೋದಾಮಿನಲ್ಲಿ ನಾಲ್ಕು ಒಳ್ಳೆಯ ಕಂಬಳಿ ಇದ್ದರೆ ಕೊಡಿಸು, ಅತಿಥಿಗಳು ಬರ್ತಾರೆ" ಎಂದು ನೇರವಾಗಿ ಹೇಳಿದರು. ನಮ್ಮವರು ಮೇಲೆ ಬಂದು, "ನಿನ್ನ ಖಾಲಾರಿಗೆ ಅಲ್ಲಿ ಎಂತದೋ ನೀರು ಕುಡಿಸಿದ್ದಾರೆ" ಎಂದರು. ಕಂಬಳಿ ಮಾತ್ರ ಆರಿಸಿ ತಂದರು. ಒಂದು ಶನಿವಾರವಂತೂ ಖಾಲಾ, "ಬಿಂತಿ, ಆ ಏಸಿ..." ಎಂದವರು ಫಕ್ಕನೆ ನಾಲಿಗೆ ಕಚ್ಚಿಕೊಂಡು, "...ಏಸಿ ಕಂಡುಹಿಡಿದವನ ತಾಯಿ ಪುಣ್ಯವಂತೆ" ಎಂದು ಮುಗಿಸಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಸೆಕೆ ಮುರಿದು ಮೊದಲ ತಂಪು ಗಾಳಿ ಬೀಸಿದ ಒಂದು ಗುರುವಾರ. ಕಿಟಕಿಗಳನ್ನೆಲ್ಲ ತೆರೆದು ಹಾಕಿದ್ದರು. ಪರದೆಗಳು ಕೋಣೆಯ ಒಳಗೆ ಬಂದು ಬಂದು ಹೋಗುತ್ತಿದ್ದವು. ಜನವರಿಯ ಅಡಿಗೆಯ ಮಾತು. "ಅನ್ನ ನನ್ನದು, ಮೀನು ನಿನ್ನದು. ಮೆಣಸು ಅರ್ಧ ಹಾಕು. ಖಾರಕ್ಕೆ ಒಬ್ಬ ಸ್ಕಾಟ್ಲೆಂಡಿನವನು ಸತ್ತರೆ ಮತ್ತೆ ಒಂಬತ್ತಾಗ್ತದೆ." ಇಬ್ಬರೂ ನಕ್ಕೆವು. ನಾನು ಏಳುವಾಗ ನನ್ನ ಕೈ ಹಿಡಿದು, "ಇನ್ನೂ ಸ್ವಲ್ಪ ಹೊತ್ತು ಕೂತುಕೊ" ಎಂದರು. ಕೂತೆ. ಗಾಳಿ ನೋಡುತ್ತಾ ಕೂತಿದ್ದೆವು.

ಶನಿವಾರ ಮಧ್ಯಾಹ್ನದ ನಿದ್ದೆಯಲ್ಲಿ ಹೋಗಿಬಿಟ್ಟರು. ಸೂಕು ಮತ್ತೆ ಬಾಗಿಲು ಹಾಕಿತು. ಮತ್ತೆ ಆರು ಜನ.

ಗ್ಲಾಸ್ಗೊದ ಕನ್ನಡಕದ ಅಂಗಡಿಯವರಿಗೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಕರೆದವರೇ ಇಲ್ಲ, ನಿಮ್ಮ ಮೇಲೆ ಯಾವ ಒತ್ತಾಯವೂ ಇಲ್ಲ ಎಂದೆ. ಅವರು, "ಮೇಡಂ, ನಾವು ಒಪ್ಪಿಕೊಂಡಿದ್ದೇವಲ್ಲ. ಕೋಟಿನ ವಿಷಯ ಮಾತ್ರ ಅವರು ಹೇಳಲೇ ಇಲ್ಲ" ಎಂದರು.

ಜನವರಿಯಲ್ಲಿ, ನಯೀಮ್ ಮಾಮಾ ತೀರಿಕೊಂಡ ದಿನ, ಖಾಲಾರ ಹಾಲಿನಲ್ಲಿ ಹತ್ತು ಗಂಡಸರು ಕೂತಿದ್ದರು. ಮನಾಮದ ಆರು ಮಂದಿ ಒಂದು ಕಡೆ, ಮಡಿಲಲ್ಲಿ ಕೋಟು ಇಟ್ಟುಕೊಂಡ ನಾಲ್ವರು ಇನ್ನೊಂದು ಕಡೆ. ನಾನು ಚಹಾ ಕೊಟ್ಟು ಹಿಂದೆ ಸರಿಯುವಾಗ ಕನ್ನಡಕದವರು ತಡೆದರು.

"ನಯೀಮ್ ಯಾರೆಂದು ನಮಗೆ ಗೊತ್ತು. ಆದರೆ ಇವತ್ತು ಎರಡು ಹೆಸರು ಹೇಳಬೇಕು. ಫರ್ಹಾರನ್ನು ನಾವು ನೋಡಿದ್ದು ಒಂದೇ ಸಂಜೆ. ಗೊತ್ತಿಲ್ಲದವರಿಗಾಗಿ ಹೇಳಬಾರದು ಎನ್ನುವುದು ಅವರದೇ ನಿಯಮವಂತೆ. ನೀವು ಹೇಳಿ."

ಕಾನ್ವೆಂಟಿನಲ್ಲಿ ಪದ್ಯ ಬಾಯಿಪಾಠ ಒಪ್ಪಿಸಿದ್ದು ಬಿಟ್ಟರೆ ನಾನು ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ಬಾಗಿಲ ಹತ್ತಿರ ನಿಂತಿದ್ದ ನಮ್ಮವರು ಮೆಲ್ಲಗೆ, "ಹೇಳು ಐರಿನ್. ದಿನಾ ನನಗೆ ಹೇಳ್ತಿರ್ಲಿಲ್ವಾ? ಹಾಗೇ ಹೇಳು" ಎಂದರು.

ಹೇಳಿದೆ. ಸಿಗಡಿ, ಚಹಾ, ಇಸ್ತ್ರಿ ಹಾಕಿದ ಇಂಗ್ಲಿಷ್, ಎಲ್ಲವನ್ನೂ. ಎಷ್ಟು ಹೊತ್ತು ಹೇಳಿದೆನೋ, ಕಿಟಕಿಯ ಬೆಳಕು ಗೋಡೆಯ ಮೇಲೆ ಜಾರಿ ಹೋಗಿತ್ತು. ಆಮೇಲೆ ಅವರು ಎದ್ದು ನಿಂತರು. ನಾನು ಅಡಿಗೆಮನೆಯ ಬಾಗಿಲಿನಲ್ಲಿ ನಿಂತೆ. ಅರ್ಥವಾಗದ ಆ ಮಾತುಗಳು ಅಲೆ ಬಂದು ಹೋದಂತೆ ಬರುತ್ತಿದ್ದವು. ನಡುವೆ ಎಲ್ಲರೂ ಒಟ್ಟಿಗೆ ಆಮೆನ್ ಅಂದರು. ಆ ಒಂದು ಪದ ನನಗೆ ಗೊತ್ತಿತ್ತು, ನಾನೂ ಅಂದೆ. ಮೊದಲು ನಯೀಮ್ ಮಾಮಾನ ಹೆಸರು, ಆಮೇಲೆ ಫರ್ಹಾ ಖಾಲಾರದ್ದು.

ಊಟಕ್ಕೆ ಕೂತಾಗ ಮನಾಮದವರಲ್ಲಿ ಎಲ್ಲರಿಗಿಂತ ಹಿರಿಯರಾದ ಯೂಸುಫ್ ನನ್ನನ್ನು ಕರೆದರು. "ನೀನು ಹೇಳಿದ್ದು ಮುದುಕಿ ಫರ್ಹಾಳ ಕತೆ. ನಮ್ಮ ಫರ್ಹಾ ನಿನಗೆ ಗೊತ್ತಿಲ್ಲ."

"ಹಾಗಾದ್ರೆ ಹೇಳಿ ಮಾಮಾ."

ಆಗ ಸೂಕಿನ ಹೆಬ್ಬಾಗಿಲಾದ ಬಾಬ್ ಅಲ್ ಬಹರೈನಿನ ಹತ್ತಿರದವರೆಗೂ ಸಮುದ್ರ ಇತ್ತು ಎಂದು ಅವರು ಹೇಳಿದರು. ನಯೀಮ್ ಎಲ್ಲಿಂದಲೋ ಒಂದು ಹಳೆಯ ಸೈಕಲ್ಲು ತಂದಿದ್ದ. ಸೂಕಿಗೆ ಜನ ಬರುವ ಮೊದಲು, ಮಂಜು ಇನ್ನೂ ನೀರಿನ ಮೇಲೆ ಇರುವಾಗ, ತಂಗಿಯನ್ನು ಅದರ ಮೇಲೆ ಕೂರಿಸಿ, ಸೀಟು ಹಿಡಿದು ಹಿಂದೆ ಓಡುತ್ತಿದ್ದ. ಯೂಸುಫ್ ಆಗ ಪುಟ್ಟವರು, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ಬೆಳಗ್ಗೆ ನಯೀಮ್ ಅರ್ಧ ದಾರಿಗೇ ಸೀಟು ಬಿಟ್ಟು, ಸೊಂಟಕ್ಕೆ ಕೈಯಿಟ್ಟು, ಏದುಸಿರು ಬಿಡುತ್ತಾ ನಿಂತುಬಿಟ್ಟ. ಫರ್ಹಾಳಿಗೆ ಅದು ಗೊತ್ತೇ ಆಗಲಿಲ್ಲ. ಅವನು ಹಿಂದೆಯೇ ಓಡಿ ಬರುತ್ತಿದ್ದಾನೆ ಎಂದುಕೊಂಡು, ತಿರುಗಿಯೂ ನೋಡದೆ, ಅವನೊಂದಿಗೆ ಜೋರಾಗಿ ಮಾತಾಡುತ್ತಲೇ, ನಗುತ್ತಲೇ, ನೀರಿನ ಅಂಚಿನುದ್ದಕ್ಕೂ ಹೋಗುತ್ತಿದ್ದಳು.